ಎರಡು ಚಿಪ್ ಕಂಪನಿಗಳ ಜಿದ್ದು: ನಮ್ಮ ಗಿರಾಕಿಗೆ ಸಿಕ್ಕಿದ್ದೇನು?

ಪ್ರಶ್ನೆ ಇಷ್ಟೇ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ ಮಾಡುವ ಇಂಟೆಲ್ ಮತ್ತು ಎಎಂಡಿ ನಡುವೆ ಇಷ್ಟು ವರ್ಷಗಳಿಂದ ನಡೆದಿರುವ ಪೈಪೋಟಿಯಿಂದ ಕಂಪ್ಯೂಟರ್ ಕೊಳ್ಳುವ ಸಾಮಾನ್ಯ ಜನರಿಗೆ ಒಳ್ಳೆಯದಾಗಿದೆಯೇ? ಪರವಾಗಿ ಬರೆದವರು ಶಿರಸಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿಯವರು. ವಿರೋಧವಾಗಿ ಬರೆದವರು ಅವರ ಭಾವ, ಕುಮಟಾ ಕಡೆಯ ಒಂದು ಹೈಸ್ಕೂಲಿನ ಮಾಸ್ತರು.

ಪರ: ಎದುರಾಳಿ ಇದ್ದಾಗಲೇ ಮಾಲು ಸುಧಾರಿಸಿದ್ದು

ಗಿರಾಕಿ ಅಂಗಡಿಗೆ ಬಂದು ಕೂತ ಮೇಲೆ ಕೇಳುವ ಮೊದಲ ಮಾತು, "ಇಂಟೆಲ್ ಚಲೋನಾ, ಎಎಂಡಿ ಚಲೋನಾ?" ಇದನ್ನು ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಯಾರೂ ಹೀಗೆ ಕೇಳುತ್ತಿರಲಿಲ್ಲ. "ಐ3 ಸಾಕಾ, ಐ5 ಬೇಕಾ?" ಅಷ್ಟೇ. ಎರಡೂ ಇಂಟೆಲ್ ಕಂಪನಿಯವೇ, ಐ3 ಅಗ್ಗದ್ದು, ಐ5 ಅದಕ್ಕಿಂತ ಮೇಲಿನದು. ಜೇಬಿನಲ್ಲಿ ಎಷ್ಟಿದೆ ಎಂದು ನೋಡುವುದು ಬಿಟ್ಟರೆ ಆರಿಸಲು ಬೇರೇನೂ ಇರಲಿಲ್ಲ.

ಆ ಐ3 ಕಥೆಯನ್ನೇ ನೋಡಿ. ಡೆಸ್ಕ್‌ಟಾಪ್ ಐ3 ಮೊದಲು ಬಂದದ್ದು 2010ರಲ್ಲಿ. ಅದರಲ್ಲಿ ಎರಡು ಕೋರ್. ಕೋರ್ ಅಂದರೆ ಚಿಪ್ ಒಳಗೆ ದುಡಿಯುವ ಆಳು ಅಂದುಕೊಳ್ಳಿ. ಮರುವರ್ಷದ ಐ3ಗೂ ಇಬ್ಬರೇ ಆಳು. 2013ರದಕ್ಕೂ ಇಬ್ಬರೇ. 2017ರ ಶುರುವಿನಲ್ಲಿ ಬಂದ ಏಳನೇ ಜನರೇಷನ್ನಿಗೂ ಇಬ್ಬರೇ. ಏಳು ವರ್ಷ! ಅದೇ ವರ್ಷ ಮಾರ್ಚಿನಲ್ಲಿ ಎಎಂಡಿ ರೈಜೆನ್ ಎಂಬ ಚಿಪ್ ಸಾಲು ತಂದಿತು. ಎಂಟು ಕೋರಿನ ರೈಜೆನ್ 7 1700ಗೆ ಅಮೆರಿಕದಲ್ಲಿ 329 ಡಾಲರ್. ಆಗ ಇಂಟೆಲ್‌ನ ಎಂಟು ಕೋರಿನ ಚಿಪ್‌ಗೆ ಸಾವಿರ ಡಾಲರಿಗಿಂತ ಜಾಸ್ತಿ ಇತ್ತು. ಅಕ್ಟೋಬರ್ ಹೊತ್ತಿಗೆ ಐ3ಗೆ ನಾಲ್ಕು ಕೋರ್ ಬಂತು. ಐ5, ಐ7ಗೆ ಆರು. ನಾಲ್ಕು ಕೋರ್ ಮಾಡುವುದು ಇಂಟೆಲ್‌ಗೆ 2006-07ರಿಂದಲೇ ಗೊತ್ತಿತ್ತು. ಕಡಿಮೆ ಬೆಲೆಯ ಚಿಪ್‌ಗೆ ಅದನ್ನು ಕೊಡುವ ಜರೂರು ಬಿದ್ದಿರಲಿಲ್ಲ. ಜರೂರು ಹುಟ್ಟಿಸಿದ್ದು ಎದುರಾಳಿ.

ಲೆಕ್ಕ ಬರೆಯಲು, ಪಹಣಿ ತೆಗೆಯಲು, ಮಗಳ ಆನ್‌ಲೈನ್ ಕ್ಲಾಸಿಗೆ ಎಂದು ನಮ್ಮ ಕಡೆಯವರು ತೆಗೆದುಕೊಳ್ಳುವುದು ಈ ಐ3 ಮಟ್ಟದ ಯಂತ್ರವನ್ನೇ. ಲಾಭ ದೊಡ್ಡ ಊರಿನ ಗೇಮ್ ಆಡುವವರಿಗೆ ಮಾತ್ರ ಅನ್ನುವವರು ಇದನ್ನು ಮರೆಯಬಾರದು.

ಜಿದ್ದಿಗೆ ಹಳೆಯ ಬೇರಿದೆ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಒಳಗಿದ್ದದ್ದು ಇಂಟೆಲ್‌ನ 8088. ಒಬ್ಬರನ್ನೇ ನಂಬಿ ಕೂರಲು ಐಬಿಎಂ ಒಪ್ಪಲಿಲ್ಲ. ಅದೇ ಚಿಪ್ ಮಾಡಿಕೊಡುವ ಇನ್ನೊಬ್ಬರು ಬೇಕು ಎಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ಚಿಪ್ಪನ್ನು ಎಎಂಡಿಯೂ ಮಾಡಬಹುದೆಂದು ಎರಡೂ ಒಪ್ಪಂದ ಮಾಡಿಕೊಂಡವು. ಆದರೆ 1985ರಲ್ಲಿ 386 ಎಂಬ ಹೊಸ ಚಿಪ್ ಬಂದಾಗ ಇಂಟೆಲ್ ಅದನ್ನು ಹಂಚಿಕೊಳ್ಳಲಿಲ್ಲ. ವ್ಯಾಜ್ಯ ಶುರುವಾಯಿತು. ಎಎಂಡಿ ತಾನೇ ಕೂತು ತನ್ನದೊಂದು 386 ಮಾಡಿತು, 1991ರಲ್ಲಿ ಮಾರಾಟಕ್ಕಿಟ್ಟಿತು. ಇಂಟೆಲ್‌ನ 386ರ ವೇಗ ಮೇಲೆ ಅಂದರೆ 33 ಮೆಗಾಹರ್ಟ್ಸ್‌ವರೆಗೆ ಹೋಗುತ್ತಿತ್ತು. ಎಎಂಡಿಯದು 40ಕ್ಕೆ ಹೋಯಿತು. 2000ದ ಮಾರ್ಚಿನಲ್ಲಿ ಒಂದು ಗಿಗಾಹರ್ಟ್ಸ್ ಮುಟ್ಟುವ ಓಟ ನಡೆಯಿತಲ್ಲ, ಅದರಲ್ಲಿ ಎಎಂಡಿ 6ನೇ ತಾರೀಖು ಘೋಷಿಸಿತು, ಇಂಟೆಲ್ 8ಕ್ಕೆ. ಎರಡೇ ದಿನ ಹಿಂದೆಮುಂದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರ 64 ಬಿಟ್, ಅಂದರೆ ಹಿಂದಿನ 32 ಬಿಟ್ ಚಿಪ್ ಒಂದೇ ಸಲಕ್ಕೆ ಹಿಡಿಯುತ್ತಿದ್ದ ಮಾಹಿತಿಯ ದುಪ್ಪಟ್ಟು ಹಿಡಿಯುವ ಚಿಪ್. ಇಂಟೆಲ್ ಆಗ ಇಟೇನಿಯಂ ಎಂಬ ಬೇರೆಯೇ ದಾರಿ ಹಿಡಿದಿತ್ತು. ಅದರ ಭಾಷೆಯೇ, ಅಂದರೆ ಚಿಪ್ಪಿಗೆ ಅರ್ಥವಾಗುವ ಆದೇಶಗಳೇ ಬೇರೆ. ಹಳೆಯ ಸಾಫ್ಟ್‌ವೇರ್ ಅದರಲ್ಲಿ ಸರಿಯಾದ ವೇಗದಲ್ಲಿ ಓಡುತ್ತಿರಲಿಲ್ಲ. ಎಎಂಡಿ ಇದ್ದ ಭಾಷೆಯನ್ನೇ ಬೆಳೆಸಿ 2003ರಲ್ಲಿ 64 ಬಿಟ್ ಚಿಪ್ ತಂದಿತು. ಹಳೆಯದೂ ಓಡಿತು, ಹೊಸದೂ ಓಡಿತು. ಮರುವರ್ಷ ಇಂಟೆಲ್ ಕೂಡ ಅದೇ ದಾರಿಗೆ ಬಂತು. ಇವತ್ತು ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಲು ಫೈಲ್ ಇಳಿಸಿದರೆ ಅದರ ಹೆಸರಿನಲ್ಲಿ 'ಎಎಂಡಿ64' ಎಂದಿರುತ್ತದೆ. "ನಮ್ಮದು ಇಂಟೆಲ್, ಇದು ಆಗಲ್ಲ ಅಲ್ವಾ?" ಎಂದು ಹುಡುಗರು ಕೇಳುತ್ತಾರೆ. ಆಗುತ್ತದೆ. ಒಂದೇ ಕಂಪನಿ ಇದ್ದಿದ್ದರೆ ನಾವೆಲ್ಲ ಅದು ತೋರಿಸಿದ ದಾರಿಯಲ್ಲೇ ಹೋಗಬೇಕಿತ್ತು.

ಸೋತವರು ಎದ್ದು ಬರುವುದೂ ಈ ಕಥೆಯಲ್ಲಿದೆ. ಬಿಸಿಯಾಗುತ್ತಿದ್ದ ಪೆಂಟಿಯಂ 4 ಬಿಟ್ಟು ಇಂಟೆಲ್ 2006ರಲ್ಲಿ ಕೋರ್ 2 ಡ್ಯುಯೊ ತಂದಿತು. ಕರೆಂಟು ಕಡಿಮೆ, ಕೆಲಸ ಜಾಸ್ತಿ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ನಮ್ಮ ಕಡೆ, ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು ಸಣ್ಣ ವಿಷಯವಲ್ಲ.

ಬೋರ್ಡಿನ, ಅಂದರೆ ಚಿಪ್ ಕೂರಿಸುವ ಮದರ್ಬೋರ್ಡಿನ ಮಾತೂ ಹೇಳಬೇಕು. ಎಎಂಡಿ ಎಎಂ4 ಎಂಬ ಒಂದೇ ಸಾಕೆಟ್ಟನ್ನು (ಬೋರ್ಡಿನಲ್ಲಿ ಚಿಪ್ ಕೂರುವ ಗುಂಡಿ) 2017ರಿಂದ ಐದಾರು ವರ್ಷ ಇಟ್ಟುಕೊಂಡಿತು. 2020ರಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದ ಹುಡುಗನೊಬ್ಬ, ಸಿದ್ದಾಪುರ ಕಡೆಯವನು, ನಾಲ್ಕು ಕೋರಿನ ಸಣ್ಣ ರೈಜೆನ್ ಹಾಕಿಸಿಕೊಂಡು ಹೋಗಿದ್ದ. ಎರಡು ವರ್ಷದ ಮೇಲೆ ಬಂದ. ಬೋರ್ಡ್ ಅದೇ, ರ್‍ಯಾಮ್ ಅದೇ, ಕ್ಯಾಬಿನೆಟ್ ಅದೇ. ಬೋರ್ಡಿನೊಳಗಿನ ಬಯೋಸ್ ಎಂಬ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ, ಆರು ಕೋರಿನ ಹೊಸ ಚಿಪ್ ಕೂರಿಸಿದೆ, ಬಿಸಿ ಇಳಿಸುವ ಪೇಸ್ಟ್ ಹಚ್ಚಿದೆ. ಅರ್ಧ ದಿನದ ಕೆಲಸ. ಅವನು ಈಗಲೂ ತೋಟದ ಮನೆಯಲ್ಲಿ ಕೂತು ಕೆಲಸ ಮಾಡುತ್ತಾನೆ.

ತಾಳಮದ್ದಳೆ ಕೇಳುವವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕೃಷ್ಣನ ಅರ್ಥ ಹೇಳುವವರು ಎಷ್ಟೇ ದೊಡ್ಡವರಿರಲಿ, ಎದುರಿನ ಕೌರವ ಸಪ್ಪೆಯಾದರೆ ಆ ರಾತ್ರಿ ಪ್ರಸಂಗ ಏಳುವುದಿಲ್ಲ. ಎದುರಿನವನ ಒಂದು ಗಟ್ಟಿ ಪ್ರಶ್ನೆ ಬಿದ್ದಾಗಲೇ ಇವರ ಒಳಗಿನ ಮಾತು ಹೊರಗೆ ಬರುವುದು. 2010ರಿಂದ 2017ರವರೆಗೆ ಎದುರಿನವರು ಸಪ್ಪೆಯಾಗಿದ್ದರು. 2011ರ ಬುಲ್ಡೋಜರ್ ಚಿಪ್ ಎಎಂಡಿಯ ಕೈ ಹಿಡಿಯಲಿಲ್ಲ. ಆ ವರ್ಷಗಳಲ್ಲಿ ನಾನು ಅಂಗಡಿಯಲ್ಲಿ ಹೊಸದು ಎಂದು ಕೊಟ್ಟದ್ದಕ್ಕೂ ಹಿಂದಿನ ವರ್ಷದ್ದಕ್ಕೂ ಗಿರಾಕಿಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಪೈಪೋಟಿ ಬೇಡ ಅನ್ನುವವರು ಆ ಏಳು ವರ್ಷ ಹೇಗಿತ್ತು ಎಂದು ನನ್ನನ್ನು ಕೇಳಲಿ.

ವಿರೋಧ: ಇಬ್ಬರೇ ಉಳಿದ ಮೇಲೆ ಅದು ಪೈಪೋಟಿಯಲ್ಲ

ಭಾವ ಬರೆದ ಇಸವಿಗಳಲ್ಲಿ ತಪ್ಪಿಲ್ಲ. ಅವರು ಗಿರಾಕಿಗೆ ಮೋಸ ಮಾಡುವವರೂ ಅಲ್ಲ. ಆದರೆ ಅವರು ನೋಡುವುದು ಹೊಸದು ಕೊಳ್ಳಲು ಬಂದವರನ್ನು. ನಾನು ನೋಡುವುದು ಇದ್ದದ್ದನ್ನೇ ಓಡಿಸಬೇಕಾದವರನ್ನು.

ನಮ್ಮ ಶಾಲೆಯಿಂದ ಸಮುದ್ರ ದೂರವಿಲ್ಲ. ಉಪ್ಪುಗಾಳಿ ಸುಮ್ನೆ ಬಿಡುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ದಾನಿಗಳು ಕೊಟ್ಟ ಹತ್ತು ಕಂಪ್ಯೂಟರಿನಲ್ಲಿ ಮೂರರ ಬೋರ್ಡ್ ಹೋಯಿತು. ಮೂರನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಒಯ್ದೆ. ಭಾವ ಬಿಚ್ಚಿ ನೋಡಿ ಹೇಳಿದರು, "ಭಾವ, ಚಿಪ್ ಗಟ್ಟಿ ಇದೆ. ಇದಕ್ಕೆ ಕೂರುವ ಬೋರ್ಡ್ ಈಗ ಬರೋದಿಲ್ಲ." ಹೊಸ ಬೋರ್ಡ್ ಹಾಕಿದರೆ ಹೊಸ ಚಿಪ್. ಹೊಸ ಚಿಪ್ ಹಾಕಿದರೆ ಹೊಸ ರ್‍ಯಾಮ್. ಅಂದರೆ ಹೊಸ ಕಂಪ್ಯೂಟರೇ. ಸರ್ಕಾರಿ ಅನುದಾನದಲ್ಲಿ ಅದಕ್ಕೆ ದುಡ್ಡು ಎಲ್ಲಿಂದ ತರಲಿ?

ಯಾವ ಕಂಪನಿಯ ಚಿಪ್ ಅನ್ನುವುದು ಇಲ್ಲಿ ಮುಖ್ಯವಲ್ಲ. ಮೊದಲು ಹೀಗಿರಲಿಲ್ಲ ಅನ್ನುವುದು ಮುಖ್ಯ. ತೊಂಬತ್ತರ ದಶಕದಲ್ಲಿ ಸಾಕೆಟ್ 7 ಎಂದು ಒಂದಿತ್ತು. ಅದೇ ಗುಂಡಿಗೆ ಇಂಟೆಲ್ ಚಿಪ್ ಕೂರುತ್ತಿತ್ತು, ಎಎಂಡಿಯದು ಕೂರುತ್ತಿತ್ತು, ಸಿರಿಕ್ಸ್ ಎಂಬ ಮೂರನೆಯವರದ್ದೂ ಕೂರುತ್ತಿತ್ತು. ಒಂದು ಕೈಕೊಟ್ಟರೆ ತೆಗೆದು ಇನ್ನೊಂದು ಹಾಕಬಹುದಿತ್ತು. ನಿಜವಾದ ಪೈಪೋಟಿ ಅಂದರೆ ಅದು. 1997ರಲ್ಲಿ ಇಂಟೆಲ್ ಪೆಂಟಿಯಂ 2ಕ್ಕೆಂದು ತನ್ನದೇ ಬೇರೆ ಸ್ಲಾಟ್ ಮಾಡಿಕೊಂಡಿತು. 1999ರಲ್ಲಿ ಎಎಂಡಿ ತನ್ನದೇ ಇನ್ನೊಂದು ಮಾಡಿಕೊಂಡಿತು. ಆಮೇಲೆ ಈ ಎರಡು ಮನೆಗಳ ಚಿಪ್ ಒಂದೇ ಬೋರ್ಡಿಗೆ ಕೂರುವ ಕಾಲ ಮತ್ತೆ ಬರಲೇ ಇಲ್ಲ. ಬೋರ್ಡ್ ಕೊಂಡ ದಿನವೇ ಗಿರಾಕಿ ಒಂದು ಮನೆಗೆ ಕಟ್ಟುಬಿದ್ದಂತೆ. ಅದೇ ಮನೆಯೊಳಗೂ ಬಾಗಿಲು ಬದಲಾಗುತ್ತದೆ. 2017ರ ಎಂಟನೇ ಜನರೇಷನ್ ಇಂಟೆಲ್ ಚಿಪ್‌ಗೆ ಹಿಂದಿನಷ್ಟೇ 1151 ಕಾಂಟ್ಯಾಕ್ಟ್ (ಬೋರ್ಡಿಗೆ ತಾಗುವ ಬಿಂದು). ಆದರೂ ಹಿಂದಿನ ವರ್ಷದ ಬೋರ್ಡ್ ಅದಕ್ಕೆ ಆಗುವುದಿಲ್ಲ. ಭಾವ ಹೊಗಳಿದ ನಾಲ್ಕು ಕೋರಿನ ಐ3 ಇದೇ. ಹೊಸ ಕೋರ್ ಬೇಕಾದವರು ಹೊಸ ಬೋರ್ಡನ್ನೂ ಕೊಂಡರು.

ಎಎಂ4 ಒಳ್ಳೆಯ ಕೆಲಸ, ಅದನ್ನು ಒಪ್ಪುತ್ತೇನೆ.

ಶಿರಸಿಯವರಿಗೆ ಅಡಿಕೆ ಟೆಂಡರ್ ಗೊತ್ತು. ರಾಶಿ, ಚಾಲಿ, ಬೆಟ್ಟೆ ನೋಡಿಕೊಂಡು ವ್ಯಾಪಾರಿಗಳು ದರ ಬರೆಯುತ್ತಾರೆ. ಹತ್ತು ಜನ ಬರೆಯುವ ದಿನದ ದರ ಬೇರೆ, ಇಬ್ಬರೇ ಬರೆಯುವ ದಿನದ ದರ ಬೇರೆ. ಇಬ್ಬರೂ ಪ್ರಾಮಾಣಿಕರಿರಬಹುದು. ಆದರೂ ಮತ್ತೊಬ್ಬ ಎಷ್ಟು ಬರೆದಾನು ಎಂದು ಒಬ್ಬನಿಗೆ ಅಂದಾಜಿರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಬರೆದರೆ ಸಾಕು. ತೋಟದವರಾದ ಭಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಚಿಪ್ ಪೇಟೆಯಲ್ಲೂ ಒಂದು ಕಾಲಕ್ಕೆ ನಾಲ್ಕೈದು ಜನ ಇದ್ದರು. ನೆಕ್ಸ್‌ಜೆನ್ ಕಂಪನಿಯನ್ನು 1996ರಲ್ಲಿ ಎಎಂಡಿಯೇ ಕೊಂಡಿತು. ಸಿರಿಕ್ಸ್ 1997ರಲ್ಲಿ ಒಬ್ಬರ ಕೈಗೆ, 1999ರಲ್ಲಿ ಇನ್ನೊಬ್ಬರ ಕೈಗೆ ಹೋಗಿ ಕರಗಿತು. ಈಗ ಹೊಸಬರು ಬರಲಿ ಎಂದರೆ ಬರಲಾಗುವುದಿಲ್ಲ. ವಿಂಡೋಸ್ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಮಾತಾಡುವುದು ಎಕ್ಸ್86 ಎಂಬ ಭಾಷೆ. ಅದರ ಪೇಟೆಂಟುಗಳನ್ನು ಈ ಇಬ್ಬರು ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದಾರೆ. ಹೊರಗಿನವರಿಗೆ ಬಾಗಿಲು ಹಾಕಿದೆ.

ಇಬ್ಬರ ನಡುವೆಯಾದರೂ ಆಟ ನೇರವಾಗಿ ನಡೆದಿದೆಯೇ? 2009ರ ಮೇನಲ್ಲಿ ಯುರೋಪಿಯನ್ ಕಮಿಷನ್ ಇಂಟೆಲ್ ಮೇಲೆ 106 ಕೋಟಿ ಯೂರೋ ದಂಡ ಹಾಕಿತು. ಕಂಪ್ಯೂಟರ್ ತಯಾರಕರಿಗೆ ರಿಯಾಯಿತಿ, ದುಡ್ಡು ಕೊಟ್ಟು ಎಎಂಡಿಯನ್ನು ಹೊರಗಿಟ್ಟರು ಎಂಬುದು ಆರೋಪ. ಇಂಟೆಲ್ ಕೋರ್ಟಿಗೆ ಹೋಯಿತು. 2022ರಲ್ಲಿ ದಂಡ ರದ್ದಾಯಿತು. ಎಎಂಡಿ ಉತ್ಪನ್ನ ತಡಮಾಡಲು ತಯಾರಕರಿಗೆ ದುಡ್ಡು ಕೊಟ್ಟ ಭಾಗಕ್ಕೆ ಮಾತ್ರ ಕಮಿಷನ್ 2023ರಲ್ಲಿ ಮತ್ತೆ ಸುಮಾರು 37.6 ಕೋಟಿ ಯೂರೋ ದಂಡ ಹಾಕಿತು. ಕೋರ್ಟಿನ ಆಚೀಚೆ ಏನೇ ಇರಲಿ, 2009ರ ನವೆಂಬರಿನಲ್ಲಿ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದಂತೂ ನಿಜ. ಆ ದುಡ್ಡು ಎಎಂಡಿಗೆ ಸೇರಿತು. ಆ ವರ್ಷಗಳಲ್ಲಿ ಆಯ್ಕೆ ಇಲ್ಲದೆ ಕೊಂಡವರಿಗೆ ಒಂದು ಪೈಸೆಯೂ ಬರಲಿಲ್ಲ.

ಎಎಂಡಿಯಂಥ ಬಡ ತಮ್ಮ ಗೆದ್ದರೆ ಗಿರಾಕಿ ಗೆದ್ದಂತೆ ಎಂದು ತುಂಬ ಜನ ನಂಬಿದ್ದಾರೆ. 2019ರಲ್ಲಿ ಎಎಂಡಿಯ ಆರು ಕೋರಿನ ರೈಜೆನ್ 5 3600ಗೆ 199 ಡಾಲರ್ ಇತ್ತು. 2020ರ ನವೆಂಬರಿನಲ್ಲಿ 5000 ಸಾಲು ಬಂದಾಗ ಎಎಂಡಿ ವೇಗದಲ್ಲಿ ಮುಂದಿತ್ತು. ಆಗ ಆರು ಕೋರಿನ 5600ಎಕ್ಸ್‌ಗೆ 299 ಡಾಲರ್. ಆ ಸಾಲಿನಲ್ಲಿ ಅದಕ್ಕಿಂತ ಅಗ್ಗದ್ದು ಆಗ ಇರಲಿಲ್ಲ. 199ರ 5600 ಬಂದದ್ದು 2022ರ ಏಪ್ರಿಲಿನಲ್ಲಿ, ಇಂಟೆಲ್ ಹನ್ನೆರಡನೇ ಜನರೇಷನ್ ತಂದು ಕಾಲೆಳೆದ ಮೇಲೆ. ಪೈಪೋಟಿ ಇದ್ದಾಗ ಬೆಲೆ ಇಳಿಯುತ್ತದೆ ಎಂದು ಭಾವ ಇದನ್ನೇ ತಿರುಗಿಸಿ ಹೇಳಬಹುದು. ನಿಜ. ಆದರೆ ನಡುವಿನ ಒಂದೂವರೆ ವರ್ಷ ಯಾವುದು? ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲಿ ಕೂತಿದ್ದ ಕಾಲ. ಕಂಪ್ಯೂಟರ್ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಕಾಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಪ್ಪನ ಮೊಬೈಲಿನಲ್ಲೇ ಪಾಠ ಕೇಳಿದರು.

ಇನ್ನು ವಿಂಡೋಸ್ 11. ಎಂಟನೇ ಜನರೇಷನ್‌ಗಿಂತ ಹಳೆಯ ಇಂಟೆಲ್ ಚಿಪ್‌ಗಳಲ್ಲಿ ಬಹುತೇಕ ಯಾವುದನ್ನೂ ಅದು ಒಪ್ಪುವುದಿಲ್ಲ. ಮೊದಲ ಸಾಲಿನ ರೈಜೆನ್ನನ್ನೂ ಒಪ್ಪುವುದಿಲ್ಲ. ಭಾವ ಮೇಲೆ ಹೊಗಳಿದ ಎಂಟು ಕೋರಿನ 1700 ಕೂಡ ಆ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಗೆರೆ ಎಳೆದದ್ದು ಮೈಕ್ರೋಸಾಫ್ಟ್, ಚಿಪ್ ಕಂಪನಿಗಳಲ್ಲ. ಆದರೆ ಗೆರೆಯ ಈಚೆಗಿನವರು ಹೊಸದು ಕೊಂಡರೆ ವ್ಯಾಪಾರ ಆಗುವುದು ಆ ಇಬ್ಬರಿಗೇ. ಹಳೆಯ ಚಿಪ್ ಪರವಾಗಿ ಮಾತಾಡಲು ಇಬ್ಬರಲ್ಲಿ ಯಾರಿಗೂ ಕಾರಣವಿಲ್ಲ.

ಇಬ್ಬರೂ ಒಟ್ಟಾದದ್ದೂ ಇದೆ. ಆಪಲ್ 2020ರಲ್ಲಿ ಎಂ1 ತಂದು, ಮೊಬೈಲುಗಳಲ್ಲಿರುವ ಆರ್ಮ್ ಎಂಬ ಬೇರೆ ಭಾಷೆಯ ಚಿಪ್ ಕಂಪ್ಯೂಟರಿಗೂ ಆಗುತ್ತದೆ ಎಂದು ತೋರಿಸಿತು. 2024ರ ಅಕ್ಟೋಬರಿನಲ್ಲಿ ಇಂಟೆಲ್, ಎಎಂಡಿ ಸೇರಿ ಎಕ್ಸ್86 ಕಾಪಾಡಲು ಒಂದು ಸಲಹಾ ಗುಂಪು ಕಟ್ಟಿಕೊಂಡವು. ನಲವತ್ತು ವರ್ಷದ ಜಿದ್ದು ಮೂರನೆಯವನು ಬಾಗಿಲು ತಟ್ಟಿದ ಕೂಡಲೇ ಬದಿಗೆ ಸರಿಯಿತು. ಅದೇ ವರ್ಷ ಬಂದ ಇಂಟೆಲ್‌ನ ಹೊಸ ಡೆಸ್ಕ್‌ಟಾಪ್ ಚಿಪ್‌ನ ಮುಖ್ಯ ಭಾಗ ತಯಾರಾದದ್ದು ತೈವಾನಿನ ಟಿಎಸ್‌ಎಂಸಿ ಕಂಪನಿಯ ಕಾರ್ಖಾನೆಯಲ್ಲಿ. ಎಎಂಡಿ ಚಿಪ್ ತಯಾರಾಗುವುದೂ ಅಲ್ಲೇ.

ನನಗೆ ಬೇಕಾಗಿರುವುದು ಮೂರನೆಯವರು, ನಾಲ್ಕನೆಯವರು. ಬರ್ಕ್ಲಿಯಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್ ಎಂಬ ಭಾಷೆಗೆ ಲೈಸೆನ್ಸ್ ದುಡ್ಡಿಲ್ಲ, ಯಾರು ಬೇಕಾದರೂ ಬಳಸಬಹುದು. ಮದ್ರಾಸ್ ಐಐಟಿಯ 'ಶಕ್ತಿ', ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ 'ವೇಗಾ' ಎಂಬ ಪ್ರೊಸೆಸರ್‌ಗಳು ಅದರ ಮೇಲೆ ನಿಂತಿವೆ. ಇವತ್ತು ಶಾಲೆಯ ಮೇಜಿನ ಮೇಲೆ ಇಡುವ ಮಟ್ಟಕ್ಕೆ ಅವು ಬಂದಿಲ್ಲ. ಆದರೆ ಬಾಗಿಲು ತೆರೆದಿರುವುದು ಆ ಕಡೆ.

ಉಳಿದ ಏಳು ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೇವೆ. ಮಕ್ಕಳು ಅದರಲ್ಲೇ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾರೆ, ಒಂದಕ್ಕೆ ಮೂವರಂತೆ ಕೂತು. ಮೂರು ಚಿಪ್ ಭಾವನ ಅಂಗಡಿಯ ಡ್ರಾಯರಿನಲ್ಲಿವೆ. ಹುಬ್ಬಳ್ಳಿಗೆ ಮಾಲು ತರಲು ಹೋದಾಗಲೆಲ್ಲ ಅವರು ಅವಕ್ಕೆ ಹೊಂದುವ ಹಳೆಯ ಬೋರ್ಡ್ ಕೇಳಿಕೊಂಡು ಬರುತ್ತಾರೆ. ಇನ್ನೂ ಸಿಕ್ಕಿಲ್ಲ.