ಪರ-ವಿರೋಧ: ಕಣಿವೆಯೊಳಗೆ ಯುದ್ಧವಿಮಾನ ಇಷ್ಟು ಕೆಳಗೆ ಹಾರಬೇಕೇ?

ಪರ: ಹಾರಲೇಬೇಕು

ಬೀದರ್‌ನಲ್ಲಿ ಬೆಳೆದವರಿಗೆ ಜೆಟ್ಟಿನ ಸದ್ದು ಹೊಸದಲ್ಲ. ನಮ್ಮ ಶಾಲೆಯ ಮೇಲೆ ವಾಯುಪಡೆಯ ಕಿರಣ್ ತರಬೇತಿ ವಿಮಾನ ಹೋದರೆ ಮೇಷ್ಟ್ರು ಪಾಠವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಸದ್ದು ಅಡಗಿದ ಮೇಲೆ ಬಿಟ್ಟ ಮಾತಿನಿಂದಲೇ ಶುರು. ನಾವು ಕಿಟಕಿ ಕಡೆ ತಿರುಗಿದರೂ ಬೈಯುತ್ತಿರಲಿಲ್ಲ. ಅವರೂ ನೋಡುತ್ತಿದ್ದರು.

ಈಗ ನಾನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ವಾರದ ಮಧ್ಯೆ ರಜೆ ಸಿಕ್ಕಿದರೆ ಸಾಕು, ಕಾರು ತೆಗೆದುಕೊಂಡು ವೇಲ್ಸ್‌ನ ಮ್ಯಾಕ್ ಲೂಪ್‌ಗೆ ಹೊರಡುತ್ತೇನೆ. ಉತ್ತರಕ್ಕೆ ಡಾಲ್‌ಗೆಥ್ಲೈ, ದಕ್ಷಿಣಕ್ಕೆ ಮಖನ್‌ಥ್ಲೆತ್, ಈ ಎರಡು ಪುಟ್ಟ ಊರುಗಳ ನಡುವಿನ ಕಣಿವೆಗಳ ಸುತ್ತು ಅದು. ಹೆಸರಿನಲ್ಲಿರುವ ಮ್ಯಾಕ್ ಶಬ್ದದ ವೇಗ ಅಳೆಯುವ ಮ್ಯಾಕ್ ಅಲ್ಲ, ಮಖನ್‌ಥ್ಲೆತ್ ಅನ್ನುವುದರ ಮೊದಲ ತುಂಡು. ಇಲ್ಲಿ ಜೆಟ್‌ಗಳು ನೆಲದಿಂದ 250 ಅಡಿಯವರೆಗೂ ಇಳಿಯಬಹುದು. ನಾವು ನಿಲ್ಲುವ ಗುಡ್ಡ ಅದಕ್ಕಿಂತ ಎತ್ತರ. ಅಂದರೆ ಹಾರುತ್ತಿರುವ ಯುದ್ಧವಿಮಾನದ ಬೆನ್ನನ್ನು ಮೇಲಿನಿಂದ ನೋಡಬಹುದು. ಇನ್ನೆಲ್ಲಿ ಸಿಗುತ್ತದೆ ಇದು?

ಹೋದ ಅಕ್ಟೋಬರ್‌ನಲ್ಲಿ ಆರು ಗಂಟೆ ಕಾದೆ. ಜಿಟಿಜಿಟಿ ಮಳೆ. ಜಾಕೆಟ್ ತೊಯ್ದು ಒಳಗಿನ ಬನಿಯನ್‌ವರೆಗೂ ನೀರು ಇಳಿದಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಫ್ಲಾಸ್ಕ್ ಮುಚ್ಚಳದಲ್ಲಿ ಟೀ ಕೊಟ್ಟರು. ಇನ್ನೂ ಕುಡಿದಿರಲಿಲ್ಲ, ಅವರೇ "ಬಂತು!" ಎಂದು ಕೂಗಿದರು. ಕಪ್ಪು ಬಣ್ಣದ ಹಾಕ್ ತರಬೇತಿ ಜೆಟ್. ಒಂದು ರೆಕ್ಕೆ ನೆಲಕ್ಕೆ, ಇನ್ನೊಂದು ಮುಗಿಲಿಗೆ. ರೆಕ್ಕೆಯ ಮೇಲೆ ಬಿಳಿ ಹಬೆ. ಗಾಜಿನೊಳಗೆ ಎರಡು ಹೆಲ್ಮೆಟ್, ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಹಿಂದಿನ ಹೆಲ್ಮೆಟ್ ನಮ್ಮ ಕಡೆ ತಿರುಗಿತು. ಅದು ದಾಟಿಹೋದ ಮೇಲೆ ಸದ್ದು ಬಂದು ಎದೆಗೆ ಗುದ್ದಿತು. ಕೈಯಲ್ಲಿದ್ದ ಟೀ ಚೆಲ್ಲಿದ್ದು ನನಗೆ ಗೊತ್ತಾಗಿದ್ದೇ ಆಮೇಲೆ.

ನೋಡುವ ಖುಷಿಗೋಸ್ಕರ ಹಾರಿಸಲಿ ಅನ್ನುತ್ತಿಲ್ಲ. ರೇಡಾರ್‌ಗೆ ಗುಡ್ಡದ ಆಚೆ ಕಾಣುವುದಿಲ್ಲ. ಗುಡ್ಡದ ಮರೆಯಲ್ಲಿ ಹೋಗುವ ಪೈಲಟ್ ಬದುಕಿ ವಾಪಸ್ ಬರುತ್ತಾನೆ. 2022ರಿಂದ ಉಕ್ರೇನ್‌ನಲ್ಲಿ ಎರಡೂ ಕಡೆಯ ಪೈಲಟ್‌ಗಳು ಮರದ ತುದಿ ಸವರುವಷ್ಟು ಕೆಳಗೆ ಹಾರುತ್ತಿರುವುದು ಶೋಕಿಗಲ್ಲ, ಕ್ಷಿಪಣಿಯಿಂದ ತಪ್ಪಿಸಿಕೊಳ್ಳಲು. ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಕಣಿವೆಯ ತಿರುವು ಎದುರಾದಾಗ ಏನು ಮಾಡಬೇಕು ಅಂತ ಕೈಗೆ ಮೊದಲೇ ಗೊತ್ತಿರಬೇಕು. ಸಿಮ್ಯುಲೇಟರ್ ಸಾಕು ಅನ್ನುವವರು ದಡದ ಮೇಲೆ ನಿಂತು ಈಜು ಕಲಿ ಅಂದ ಹಾಗೆ. ಯುದ್ಧ ಬಂದ ದಿನ ಕಲಿಯೋಕೆ ಆಗುತ್ತಾ?

ನಮಗೂ ಇದು ಪರರ ಮನೆ ಮಾತಲ್ಲ. ಹಾಕ್ ವಿಮಾನವನ್ನು ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದೆ. ಬೀದರ್‌ಗೆ ಹಾಕ್ ಬರುವ ಮೊದಲು ನಮ್ಮ ವಾಯುಪಡೆಯ ಹುಡುಗರು ಇದೇ ವೇಲ್ಸ್‌ನ ವ್ಯಾಲಿ ವಾಯುನೆಲೆಗೆ ಬಂದು ಕಲಿತು ಹೋದರು. ಊರಿನ ಆಕಾಶದಲ್ಲಿ ಇವತ್ತು ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್‌ನ ಹಾಕ್‌ಗಳು ಹಾರುವಾಗ ನನಗೆ ಈ ಗುಡ್ಡ ನೆನಪಾಗುತ್ತದೆ.

ಇನ್ನು ಸದ್ದಿನ ದೂರು. ಕೆಲವರಿಗೆ ಹಳ್ಳಿಯೂ ಬೇಕು, ಅಲ್ಲಿ ಎಲೆ ಅಲುಗಿದ ಸದ್ದೂ ಆಗಬಾರದು. ಒಂದು ವಿಮಾನ ಹೋಗೋಕೆ ಅರ್ಧ ನಿಮಿಷವೂ ಬೇಡ. ನಾನು ಕಂಡ ಹಾಗೆ ಅಲ್ಲಿನ ಕುರಿಗಳು ತಲೆ ಕೂಡ ಎತ್ತುವುದಿಲ್ಲ, ಮೇಯುತ್ತಲೇ ಇರುತ್ತವೆ. ಆ ಕಾಕ್‌ಪಿಟ್‌ನಲ್ಲಿ ಇಪ್ಪತ್ತು ಚಿಲ್ಲರೆ ವಯಸ್ಸಿನ ಮಗು ಕೂತಿದೆ. ಅದು ಚೆನ್ನಾಗಿ ಕಲಿಯಲಿ ಬಿಡಿ.

ವಿರೋಧ: ಬೇಡ, ಇಷ್ಟು ಕೆಳಗೆ ಬೇಡ

ವಿರೋಧದ ಕಡೆ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ಯುದ್ಧವಿಮಾನವೇ ಬೇಡ ಅನ್ನುವವಳಲ್ಲ ನಾನು. ಆದರೆ ಹೇಳಬೇಕಾದ್ದು ಇದೆ.

ಕೆಳಗೆ ಹಾರಿದರೆ ಜೀವ ಉಳಿಯುತ್ತದೆ ಅನ್ನುತ್ತಾರೆ. 1991ರ ಕೊಲ್ಲಿ ಯುದ್ಧದಲ್ಲಿ ಬ್ರಿಟನ್ನಿನ ಟಾರ್ನೇಡೊ ವಿಮಾನಗಳು ಇರಾಕಿನ ವಾಯುನೆಲೆಗಳ ಮೇಲೆ ಕೆಳಮಟ್ಟದಲ್ಲೇ ನುಗ್ಗಿದವು. ಕೆಲವೇ ದಿನಗಳಲ್ಲಿ ಹಲವು ವಿಮಾನ ಕಳೆದುಕೊಂಡು, ಉಳಿದವರು ಎತ್ತರಕ್ಕೆ ಹೋದರು. ಅಮೆರಿಕದ ಡೆತ್ ವ್ಯಾಲಿಯಲ್ಲೂ ಇಂಥದ್ದೇ ನೋಡುವ ಜಾಗವೊಂದಿತ್ತು, ರೇನ್‌ಬೋ ಕಣಿವೆ. 2019ರ ಜುಲೈ 31ರಂದು ನೌಕಾಪಡೆಯ ಸೂಪರ್ ಹಾರ್ನೆಟ್ ಯುದ್ಧವಿಮಾನ ಕಣಿವೆಯ ಗೋಡೆಗೆ ಬಡಿಯಿತು. ಪೈಲಟ್ ಸತ್ತರು. ನೋಡಲು ನಿಂತಿದ್ದ 7 ಜನರಿಗೆ ಗಾಯವಾಯಿತು. ಆಮೇಲೆ ಅಲ್ಲಿ ಕಣಿವೆಯ ಅಂಚಿನಿಂದ 1,500 ಅಡಿ ಮೇಲೆ ಹಾರಬೇಕು ಅಂತ ನಿಯಮ ಬಂತು. ಒಂದು ಜೀವ ಹೋದ ಮೇಲೆ.

ಇನ್ನೊಂದು ಮಾತು, "ಅಲ್ಲಿ ಜನ ಇಲ್ಲ" ಅನ್ನುವುದು. ಕೆನಡಾದ ಲ್ಯಾಬ್ರಡಾರ್‌ಗೂ ಹಾಗೇ ಅಂದಿದ್ದರು. ನೇಟೋ ದೇಶಗಳ ಜೆಟ್‌ಗಳು ಅಲ್ಲಿನ ಗೂಸ್ ಬೇ ವಾಯುನೆಲೆಯಿಂದ ಎದ್ದು, 'ಇನ್ನು' ಎಂಬ ಮೂಲನಿವಾಸಿ ಜನರ ಬೇಟೆಯ ನೆಲದ ಮೇಲೆ ಕೆಳಗೆ ಹಾರುತ್ತಿದ್ದವು. 1988ರಲ್ಲಿ ಆ ಜನ, ಹೆಂಗಸರು ಮಕ್ಕಳ ಸಮೇತ, ರನ್‌ವೇಗೇ ನಡೆದು ಹೋದರು. ಜೈಲಿಗೂ ಹೋದರು. ಜನ ಇಲ್ಲದ ಜಾಗ ಅಂದುಕೊಂಡಿದ್ದು ಅವರ ಮನೆಯಾಗಿತ್ತು.

ನನಗೆ ಇದು ಅರ್ಥವಾಗಿದ್ದು ಅಮ್ಮನಿಂದ. ಹೋದ ವರ್ಷ ಅಮ್ಮ ಮೈಸೂರಿನಿಂದ ಬಂದಿದ್ದರು. ಮ್ಯಾಕ್ ಲೂಪ್‌ನ ಕಾರಿಸ್ ಹಳ್ಳಿಯ ಹತ್ತಿರ ಒಂದು ರೈತರ ಮನೆಯಲ್ಲಿ ಮೂರು ದಿನ ಉಳಿದೆವು. ಗುರುವಾರ ಬೆಳಿಗ್ಗೆ ಅಮ್ಮ ಸೀರೆ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು, ಕಾಫಿ ಲೋಟ ಹಿಡಿದು ಅಂಗಳದ ಕಲ್ಲುಗೋಡೆ ಹತ್ತಿರ ನಿಂತಿದ್ದರು. ಎಂಥ ನಿಶ್ಶಬ್ದ ಅಂದರೆ ಲೋಟ ಊದುವುದು ನನಗೆ ಬಾಗಿಲಲ್ಲಿ ಕೇಳುತ್ತಿತ್ತು. ಮುನ್ಸೂಚನೆಯೇ ಇಲ್ಲ. ಒಮ್ಮೆಲೇ ಆಕಾಶ ಸೀಳಿದ ಹಾಗೆ ಎರಡು ಜೆಟ್ ಹೋದವು. ನೋಡಿದರೆ ಅಮ್ಮ ನೆಲದ ಮೇಲೆ ಕುಕ್ಕರಿಸಿದ್ದಾರೆ, ಎರಡೂ ಕೈ ಕಿವಿ ಮೇಲೆ, ಲೋಟ ಹುಲ್ಲಿನಲ್ಲಿ. ಬಿಸಿ ಕಾಫಿ ಬಿದ್ದು ಮುಂಗೈ ಕೆಂಪಾಗಿತ್ತು.

"ಏನೇ ಅದು? ಏನು ಬಿತ್ತು?"

ಏನೂ ಬಿದ್ದಿಲ್ಲಮ್ಮಾ, ತರಬೇತಿ ವಿಮಾನ ಅಂತ ಎಷ್ಟು ಹೇಳಿದರೂ ಕೈ ನಡುಗುವುದು ನಿಲ್ಲಲಿಲ್ಲ. ಅವರಿಗೆ ಬಿಪಿ ಇದೆ. ಮಾತ್ರೆ ಕೊಟ್ಟು ಮಲಗಿಸಿದೆ. ಶುಕ್ರವಾರ ಪೂರ್ತಿ ಹೊಸ್ತಿಲು ದಾಟಲಿಲ್ಲ. ಅಷ್ಟು ದೂರದಿಂದ ಗುಡ್ಡ ನೋಡಲು ಬಂದವರು ಕಿಟಕಿಯ ಪರದೆಯನ್ನೂ ಸರಿಸಲಿಲ್ಲ.

ಶನಿವಾರ ಬೆಳಿಗ್ಗೆ ಆ ಮನೆಯ ಯಜಮಾನಿ ಬಂದು, ಶನಿವಾರ ಭಾನುವಾರ ಸಾಮಾನ್ಯವಾಗಿ ಹಾರುವುದಿಲ್ಲ, ಹೆದರಬೇಡಿ ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಆಮೇಲೆ ಚಪ್ಪಲಿ ಹಾಕಿಕೊಂಡರು.