ನಗೆ ಪ್ರೈವೇಟ್ ಲಿಮಿಟೆಡ್

ನಮ್ಮ ಕನ್ನಡದ ಟ್ರೋಲ್ ಪೇಜೊಂದು ಕಂಪನಿಯಾಗಿ ನೋಂದಣಿಗೊಂಡು, ಹೆಸರಿನ ತುದಿಗೆ ‘ಮೀಡಿಯಾ’ ಎಂಬ ಗೊಂಡೆ ಕಟ್ಟಿಕೊಂಡು, ಗಾಜಿನ ಬಾಗಿಲಿನ ಕಚೇರಿಗೆ ಗೃಹಪ್ರವೇಶ ಮಾಡಿದ ಸಂಗತಿ ತಮಗೆಲ್ಲ ತಿಳಿದೇ ಇದೆ. ಹಾಸ್ಟೆಲ್ ಮಂಚದ ಮೇಲೆ ಬೋರಲು ಮಲಗಿ, ಪರದೆ ಒಡೆದ ಮೊಬೈಲಿನಲ್ಲಿ ಮೀಮ್ ಮಾಡುತ್ತಿದ್ದ ‘ಅಡ್ಮಿನ್’ ಈಗ ಸಂಸ್ಥಾಪಕ ನಿರ್ದೇಶಕರು. ಜೋಕು ಹೊಟ್ಟೆ ತುಂಬಿಸುವುದಿಲ್ಲ ಎಂದು ಮಕ್ಕಳನ್ನು ಗದರಿಸುತ್ತಿದ್ದ ತಂದೆಯರು ಇನ್ನು ಬಾಯಿ ಮುಚ್ಚಿಕೊಂಡಿರುವುದು ಲೇಸು.

ಪಾಪ, ರಾಶಿಯವರಿಗೆ ಇದೆಲ್ಲ ತಿಳಿಯಲಿಲ್ಲ. ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿ, 25 ವರ್ಷ ಅದನ್ನು ಸಾಕಿದರು, ಇನ್ನೂ ಹೆಸರು ಮಾಡಿರದ ಆರ್.ಕೆ. ಲಕ್ಷ್ಮಣ್ ಎಂಬ ತರುಣನಿಂದ ಚಿತ್ರ ಬರೆಸಿದರು. ಆ ಚಿತ್ರದ ಮೂಲೆಯ ಸಹಿಯನ್ನು ಕತ್ತರಿಸಿ, ತಮ್ಮ ಮುದ್ರೆ ಒತ್ತಿ, ‘ಕ್ರೆಡಿಟ್ಸ್ ಮೂಲ ಮಾಲೀಕರಿಗೆ’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತೆಂಬುದು ಅವರಿಗೆ ಹೊಳೆಯಲೇ ಇಲ್ಲ. ಅಂದಹಾಗೆ, ಈ ‘ಮೂಲ ಮಾಲೀಕರು’ ಯಾರೆಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಜಗತ್ತಿನ ಸಕಲ ಮೀಮುಗಳಿಗೂ ಒಡೆಯನಾಗಿದ್ದು, ಹೆಸರು, ರೂಪ, ವಿಳಾಸ ಒಂದೂ ಇಲ್ಲದವನು ಉಪನಿಷತ್ತಿನ ಪರಬ್ರಹ್ಮನೇ ಇರಬೇಕು. ಮೊನ್ನೆ ನೋಡಿದ ಒಂದು ಮೀಮಿನಲ್ಲಿ ಒಂದು ಪೇಜಿನ ಮುದ್ರೆಯನ್ನು ಬಿಳಿಯ ಪಟ್ಟಿಯಿಂದ ಮುಚ್ಚಿ ಇನ್ನೊಂದು ಪೇಜಿನ ಮುದ್ರೆ, ಅದನ್ನೂ ಮುಚ್ಚಿ ಮೂರನೆಯದು ಕುಳಿತಿತ್ತು. ಗೋಡೆಯ ಮೇಲಿನ ಸಿನಿಮಾ ಪೋಸ್ಟರಿನಂತೆ ಪದರ ಪದರವಾಗಿದ್ದ ಆ ಮುದ್ರೆಗಳ ನಡುವೆ ಜೋಕಿಗೆ ಜಾಗ ಸಾಲದೆ ಕೊನೆಯ ಎರಡು ಪದಗಳೇ ಕಾಣೆಯಾಗಿದ್ದವು. ಆದರೂ ಜನ ನಕ್ಕಿದ್ದರು.

ಶುಕ್ರವಾರ ಸಿನಿಮಾ ಬಿಡುಗಡೆಯಿದ್ದರೆ ಗುರುವಾರ ರಾತ್ರಿ ಹತ್ತಾರು ಪೇಜುಗಳಿಗೆ ಒಂದೇ ಜೋಕು, ಒಂದೇ ಗಳಿಗೆಯಲ್ಲಿ, ಒಂದೇ ಕಾಗುಣಿತದೋಷದ ಸಮೇತ ಹೊಳೆಯುತ್ತದೆ. ಪ್ರತಿಭೆಯ ಇಂಥ ಸಾಮೂಹಿಕ ಸ್ಫೋಟ ಬೇರಾವ ಸಾಹಿತ್ಯದಲ್ಲಿಯೂ ಆದಂತಿಲ್ಲ. ಕಾಸು ಪಡೆದು ಹೊಗಳಿದರೆ ಅದು ಜಾಹೀರಾತೆಂದು ಎದ್ದು ಕಾಣುವಂತೆ ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೇ ನಿಯಮ ಮಾಡಿದೆ. ನಮ್ಮವರು ಹೇಳುತ್ತಾರೆ, ಇಲ್ಲವೆನ್ನಲಾಗದು. ಹತ್ತೊಂಬತ್ತು ಹ್ಯಾಷ್‌ಟ್ಯಾಗುಗಳನ್ನು ದಾಟಿ ಕೆಳಗಿಳಿಯುವ ತಾಳ್ಮೆಯಿದ್ದವರಿಗೆ ಆ ಸತ್ಯದ ದರ್ಶನವಾಗುತ್ತದೆ. 2022ರ ಜುಲೈ 1ರಿಂದಲಂತೂ ಪ್ರಚಾರಕ್ಕೆಂದು ಪುಕ್ಕಟೆಯಾಗಿ ಬಂದು ಕೈಯಲ್ಲೇ ಉಳಿಯುವ ವಸ್ತುಗಳ ಬೆಲೆ ವರ್ಷಕ್ಕೆ ₹20,000 ಮೀರಿದರೆ ಶೇ. 10ರಷ್ಟು ತೆರಿಗೆ ಮುರಿಯಬೇಕು. ನಾವು ಕಚಗುಳಿ ಎಂದುಕೊಂಡದ್ದನ್ನು ಆದಾಯ ತೆರಿಗೆ ಇಲಾಖೆ ವ್ಯಾಪಾರವೆಂದು ಎಂದೋ ಗುರುತಿಸಿಬಿಟ್ಟಿದೆ.

ವ್ಯಾಪಾರ ಮಾಡಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ನಟನೂ ಗಿರಾಕಿ, ನಿರ್ಮಾಪಕನೂ ಗಿರಾಕಿ, ಚುನಾವಣೆ ಬಂತೆಂದರೆ ಮೂರೂ ಪಕ್ಷಗಳು ಗಿರಾಕಿಗಳಾದ ಮೇಲೆ ಟ್ರೋಲ್ ಮಾಡಲು ಉಳಿದವರು ಯಾರು? ಟೀವಿಯವರು ಮೂತಿಗೆ ಮೈಕು ಹಿಡಿದಾಗ ಗಾಬರಿಯಲ್ಲಿ ಮಾತು ತಪ್ಪಿದ ಹಳ್ಳಿಯ ಅಜ್ಜಿ. ಫೇಲಾಗಿ ಅತ್ತ ಹುಡುಗ. ವೇದಿಕೆಯ ಮೇಲೆ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ ಹುಡುಗಿ. ಇವರಿಂದ ಕಂಪನಿಗೆ ಬರಬೇಕಾದ ಬಾಕಿಯೂ ಇಲ್ಲ, ಇವರಿಗೆ ವಕೀಲರೂ ಇಲ್ಲ. ಅವರ ಅಳುವನ್ನು ನಾಲ್ಕು ಸೆಕೆಂಡಿಗೆ ಕತ್ತರಿಸಿ, ಹಿಂದೆ ಡೋಲು ಬಾರಿಸಿ, ಯಾವ ಜೋಕಿಗಾದರೂ ಅಂಟಿಸಬಹುದಾದ ಟೆಂಪ್ಲೇಟ್ ಮಾಡಿ ಬಿಡುತ್ತಾರೆ. ತೆಗೆದುಹಾಕಿ ಸ್ವಾಮೀ ಎಂದು ಮನೆಯವರು ಬೇಡಿಕೊಂಡರೆ ‘ತಮಾಷೆಗೆ ಬ್ರೋ, ಸೀರಿಯಸ್ ಆಗ್ಬೇಡಿ’ ಎಂಬ ಉತ್ತರ. ಇದರಲ್ಲಿ ನನಗೆ ಯಾವ ಹಾಸ್ಯವೂ ಕಾಣುತ್ತಿಲ್ಲ. ಕೈಲಾಗದವರನ್ನು ಬೀದಿಯಲ್ಲಿ ನಿಲ್ಲಿಸಿ ನಗುವುದಕ್ಕೆ ಪೋಲಿತನ ಎನ್ನುತ್ತಿದ್ದರು; ಈಗ ಕಂಟೆಂಟ್ ಎನ್ನುತ್ತಾರೆ, ಅಷ್ಟೇ.

ಗೃಹಪ್ರವೇಶದ ಚಿತ್ರಗಳನ್ನು ಕಂಪನಿಯವರೇ ಹಂಚಿಕೊಂಡಿದ್ದಾರೆ. ರಿಸೆಪ್ಷನ್ನಿನ ಗೋಡೆಯ ಮೇಲೆ, ಮೊದಲ ಬಾರಿ ಹತ್ತು ಲಕ್ಷ ವ್ಯೂಸ್ ತಂದುಕೊಟ್ಟ ಮೀಮ್ ಬಂಗಾರದ ಬಣ್ಣದ ಚೌಕಟ್ಟಿನೊಳಗಿದೆ. ಅಜ್ಜಿ ಬಾಯಿ ತೆರೆದುಕೊಂಡೇ ಇದ್ದಾಳೆ. ಕೆಳಗೆ ಕಂಪನಿಯ ಮುದ್ರೆಯಿದೆ, ಅವಳ ಹೆಸರಿಲ್ಲ.