ಊರಿಗೆ ಹೋದಾಗ ನನ್ನ ತಟ್ಟೆ ಯಾರು ತೊಳೆಯಬೇಕು?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಕುಕ್ಕರ್ ಇಡುವುದು ನಾನು. ಹೆಂಡತಿ ಬೇಗ ಲೋಕಲ್ ರೈಲು ಹಿಡಿಯಬೇಕು, ನನ್ನ ಡ್ಯೂಟಿ ಸ್ವಲ್ಪ ತಡ. ಅವಳು ಡಬ್ಬಿ ತುಂಬುವಷ್ಟರಲ್ಲಿ ನಾನು ಮಗಳನ್ನು ಎಬ್ಬಿಸಿ, ರಾತ್ರಿಯ ಪಾತ್ರೆ ತೊಳೆದು ಇಟ್ಟಿರುತ್ತೇನೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಮದುವೆಗೆ ಮೊದಲು ನಾಲ್ಕು ಜನ ಒಂದೇ ರೂಮಿನಲ್ಲಿದ್ದಾಗ ಪಾಳಿ ಪ್ರಕಾರ ಅಡುಗೆ ಮಾಡಿ ಕಲಿತದ್ದು.

ಅದೇ ನಾನು ಮತ್ಸ್ಯಗಂಧ ರೈಲು ಹತ್ತಿ ಉಡುಪಿಯಲ್ಲಿ ಇಳಿದರೆ ಬೇರೆಯೇ ಮನುಷ್ಯ. ಊಟ ಮುಗಿಸಿ ತಟ್ಟೆ ಎತ್ತಿದರೆ ಅಮ್ಮ ಅಡುಗೆಮನೆ ಬಾಗಿಲಲ್ಲೇ ತಡೆಯುತ್ತಾಳೆ. "ಬುಡು ಮಗಾ, ಯಾನ್ ದೆಕ್ಕುವೆ." ಬಿಡು, ನಾನು ತೊಳೀತೇನೆ ಅಂತ. ಅವಳಿಗೆ ಈಗ ಎಪ್ಪತ್ತೊಂದು. ಬಗ್ಗಿದರೆ ಏಳುವಾಗ ಗೋಡೆ ಹಿಡಿಯಬೇಕು. ಆದರೂ ಎಷ್ಟೋ ವರ್ಷ ನಾನು ತಟ್ಟೆ ಕೊಟ್ಟು ಜಗಲಿಗೆ ಹೋಗಿ ಕೂತಿದ್ದೇನೆ. ಈಗ ನೆನೆದರೆ ಸಂಕಟ ಆಗುತ್ತದೆ.

ನಮ್ಮ ಊರಿನ ಗಂಡಸರಿಗೆ ಅಡುಗೆ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಕೃಷ್ಣ ಮಠದ ಅಡುಗೆ ಮಾಡುವವರು ಗಂಡಸರು. ಮದುವೆ, ಉಪನಯನಕ್ಕೆ ಬರುವ ಅಡುಗೆಯವರೂ ಹೆಚ್ಚಾಗಿ ಗಂಡಸರೇ. ಚೆನ್ನೈಯಲ್ಲಿ ನಮ್ಮ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಶುರು ಮಾಡಿದರು. ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಊಟ ಹಾಕುತ್ತಿದೆ. ಉಡುಪಿ ಅನ್ನುವ ಹೆಸರು ದೇಶಕ್ಕೆಲ್ಲ ಗೊತ್ತಾದದ್ದೇ ಗಂಡಸರು ಒಲೆ ಮುಂದೆ ನಿಂತು ಬೆವರು ಸುರಿಸಿದ್ದರಿಂದ. ನನ್ನ ಸೋದರಮಾವ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್, ಬಸಿ ತೊಳೆದರು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಅವರ ಮೇಲೆ ನನಗೆ ಬಹಳ ಗೌರವ. ಆದರೆ ಅವರು ರಜೆಯಲ್ಲಿ ಊರಿಗೆ ಬಂದಾಗ, ಕುಡಿದ ನೀರಿನ ಲೋಟವನ್ನೂ ಕೂತಲ್ಲೇ ಬಿಟ್ಟು ಏಳುತ್ತಿದ್ದರು. ಹೊರಗೆ ಸಾವಿರ ಲೋಟ ತೊಳೆದ ಕೈ ಮನೆಯಲ್ಲಿ ಒಂದು ಲೋಟ ಯಾಕೆ ತೊಳೆಯಬಾರದು?

ನಮ್ಮದು ಅಳಿಯಕಟ್ಟು. ಮನೆತನ ತಾಯಿಯ ಕಡೆಯಿಂದ ಬರುವ ಪದ್ಧತಿ, ಹಿಂದೆ ಆಸ್ತಿಯೂ ಹಾಗೇ ಬರುತ್ತಿತ್ತು. ಇಲ್ಲಿನ ಮರಾಠಿ ಸ್ನೇಹಿತರಿಗೆ ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಅಂಥ ಮನೆಯಲ್ಲೂ ಅಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ತಣ್ಣಗಾದ ಗಂಜಿ ಉಂಡದ್ದನ್ನು ನೋಡುತ್ತಲೇ ಬೆಳೆದೆ. ಅದು ಹೆಮ್ಮೆಯ ಮಾತಲ್ಲ.

ಗಂಡಸರು ಮಾಡುವ ಕೆಲಸವೂ ಇತ್ತು, ಇಲ್ಲ ಅನ್ನಬಾರದು. ಮಳೆಗಾಲದಲ್ಲಿ ಬರುವ ನಮ್ಮ ಆಟಿ ತಿಂಗಳ ಅಮಾವಾಸ್ಯೆಯ ದಿನ ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ ಪಾಲೆ ಮರದ ತೊಗಟೆ ತರುತ್ತಿದ್ದರು. ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಆಮೇಲೆ ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಕಷಾಯ. ಅದರ ಕಹಿ ಇನ್ನೂ ನಾಲಗೆಯಲ್ಲಿದೆ. ಅಪ್ಪ ಆ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು ಅಂದರೆ, ಅದು ಮನೆಗೆಲಸ ಅಂತ ನಮಗೆ ಅನಿಸಿಯೇ ಇರಲಿಲ್ಲ. ವರ್ಷಕ್ಕೊಂದು ದಿನ ಮಾಡುವುದನ್ನು ದಿನಾ ಮಾಡಲು ಏನು ಅಡ್ಡಿ?

ಕಳೆದ ವರ್ಷ ಆಟಿಯಲ್ಲೇ ಹೆಂಡತಿ, ಮಗಳ ಜೊತೆ ಹತ್ತು ದಿನ ಊರಿನಲ್ಲಿದ್ದೆ. ಜೂನ್, ಜುಲೈ ಸೇರಿ 61 ದಿನ ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹಸಿ ಮೀನು ಕಡಿಮೆ. ಸಿಕ್ಕಿದರೂ ರೇಟು ಜಾಸ್ತಿ. ಹಿತ್ತಲಲ್ಲಿ ಕೆಸುವಿನ ಎಲೆ ಚೆನ್ನಾಗಿ ಬಂದಿತ್ತು. ಪತ್ರೊಡೆ ಮಾಡುವ ಅಂತ ಅಮ್ಮ ಹೊರಟಳು. ನಾನು ಮಾಡ್ತೇನೆ ಅಂದೆ. "ನೆರೆಮನೆಯವರು ಕಂಡರೆ ಏನು ಹೇಳಿಯಾರು? ಸೊಸೆ ಇದ್ದೂ ಮಗನ ಕೈಯಲ್ಲಿ ಅಡುಗೆ ಮಾಡಿಸ್ತಾರೆ ಅಂತ." ಹೆಂಡತಿಯ ಮುಖ ಸಣ್ಣದಾಯಿತು.

ನನಗೆ ಆಗ ಒಂದು ವಿಷಯ ಹೊಳೆಯಿತು. ಅಮ್ಮನಿಗೆ ಆ ಅಡುಗೆಮನೆ ಬರೀ ದುಡಿಯುವ ಜಾಗ ಅಲ್ಲ. ಐವತ್ತು ವರ್ಷ ಅವಳ ಮಾತು ನಡೆದ ಜಾಗ. ಅದನ್ನು ಸುಮ್ನೆ ಕಿತ್ತುಕೊಂಡರೆ ಅವಳಿಗೆ ನೋವಾಗುತ್ತದೆ ಅಲ್ವಾ? ಹಾಗಾಗಿ ಮಣೆ ತಂದು ಹಾಕಿದೆ. "ನೀನು ಕೂತು ಹೇಳು, ನನಗೆ ಕಲಿಯಬೇಕು" ಅಂದೆ. ಕೂತಳು.

ಎಲೆಯ ಬೆನ್ನು ಮೇಲೆ ಬರುವ ಹಾಗೆ ಇಡಬೇಕು. ದಪ್ಪ ನಾರನ್ನು ಚೂರಿಯಲ್ಲಿ ತೆಳ್ಳಗೆ ಹೆರೆಯಬೇಕು, ಎಲೆ ಹರಿಯಬಾರದು. ನೆನೆಸಿದ ಅಕ್ಕಿ, ತೆಂಗಿನಕಾಯಿ, ಮೆಣಸು, ಕೊತ್ತಂಬರಿ, ಬೆಲ್ಲ ಹಾಕಿ ತರಿತರಿಯಾಗಿ ರುಬ್ಬಿದ ಹಿಟ್ಟು. ಹುಳಿ ಧಾರಾಳ ಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಹಿಟ್ಟು ಸವರಿದ ಎಲೆಯ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಎರಡೂ ಬದಿ ಒಳಗೆ ಮಡಚಿ ಚಾಪೆಯ ಹಾಗೆ ಸುತ್ತುವುದು. ನನ್ನ ಮೊದಲ ಸುರುಳಿ ಬಿಚ್ಚಿಕೊಂಡಿತು. ಅಮ್ಮ ಕೂತಲ್ಲಿಂದಲೇ ಕೈ ಚಾಚಿ ನನ್ನ ಬೆರಳಿನ ಮೇಲೆ ಬೆರಳಿಟ್ಟು ಒತ್ತಿ ತೋರಿಸಿದಳು. ಮಗಳು, ಹೆಂಡತಿ ಬಂದು ಸುತ್ತ ಕೂತರು. ಡೊಂಬಿವಲಿಯಲ್ಲಿ ನಾವು ಕೆಲಸ ಹಂಚಿಕೊಳ್ಳುತ್ತೇವೆ, ನಿಜ. ಆದರೆ ಗಡಿಯಾರ ನೋಡುತ್ತಾ ಅವರವರ ಪಾಲಿನದ್ದು ಮುಗಿಸುತ್ತೇವೆ. ಹೀಗೆ ಒಂದೇ ಕೆಲಸಕ್ಕೆ ಎಲ್ಲರೂ ಸುತ್ತ ಕೂತು, ಮಾತಾಡುತ್ತಾ ಅಲ್ಲಿ ಎರಡು ಗಂಟೆ ಕಳೆದದ್ದು ನೆನಪೇ ಇಲ್ಲ. ಅದು ಊರಿನ ಮನೆಯಿಂದ ನಮಗೆ ಬೇಕಾದದ್ದು.

ಮುಂಬೈ, ಪುಣೆ, ದುಬೈಯಲ್ಲಿರುವ ನನ್ನ ಊರಿನ ಗಂಡಸರಲ್ಲಿ ಒಂದೇ ಕೇಳಿಕೆ. ಅಲ್ಲಿ ದಿನಾ ಮಾಡುವ ಕೆಲಸವನ್ನು ಊರಿನ ಸ್ಟೇಷನ್ನಿನಲ್ಲೇ ಇಳಿಸಿ ಹೋಗಬೇಡಿ. ಅಮ್ಮ ಬೇಡ ಅಂತಾಳೆ. ಅವಳು ಬೇಡ ಅಂದದ್ದಕ್ಕೇ ಬಿಟ್ಟೆವು ಅನ್ನುವುದು ನಮಗೆ ಅನುಕೂಲದ ಮಾತು.

ಆ ದಿನವೂ ಊಟ ಆದ ಮೇಲೆ ಅಮ್ಮ ನನ್ನ ತಟ್ಟೆಗೆ ಕೈ ಚಾಚಿದಳು. ಮರುದಿನವೂ ಅಷ್ಟೇ. ನಾನು ಮಾತಾಡದೆ ತೊಳೆಯುತ್ತಾ ಹೋದೆ. ಐದನೇ ದಿನ ತನ್ನ ತಟ್ಟೆಯನ್ನು ನನ್ನ ತಟ್ಟೆಯ ಮೇಲೆ ಇಟ್ಟು ಜಗಲಿಗೆ ಹೋಗಿ ಕೂತಳು. ಸಾಬೂನು ಜಾಸ್ತಿ ಹಾಕಬೇಡ ಅಂತ ಅಲ್ಲಿಂದಲೇ ಕೂಗಿ ಹೇಳಿದಳು.